ಗ್ಯಾಸ್ ರತ್ನಮ್ಮ

ನಮ್ಮ ಬೀದಿಗೆ ಸಿಲಿಂಡರಿನ ಗಾಡಿ ಬಂದಾಗ ಗಾಡಿಯವನು ಗೇಟಿನ ಹತ್ತಿರ ನಿಂತು ‘ಗ್ಯಾಸ್!’ ಎಂದು ಕೂಗುತ್ತಾನೆ. ಮನೆಯಲ್ಲಿ ಎಷ್ಟು ಜನ ಇದ್ದರೂ ‘ಓ’ ಎನ್ನುವವಳು ನಾನೇ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರೂ ಸರಿ, ಶಾಲೆಯಲ್ಲಿ ಹಾಜರಿಗೆ ಹೆಸರು ಕೂಗಿದಂತೆ ಎದ್ದು ನಿಂತುಬಿಡುತ್ತೇನೆ. ಯಜಮಾನರು ಪೇಪರಿನ ಹಿಂದೆ ನಗುತ್ತಾರೆ. ಅವರಿಗೆ ಕಾರಣ ಗೊತ್ತು. ನಿಮಗೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ. ಎಂಬತ್ತರ ದಶಕದಲ್ಲಿ, ಕಲ್ಯಾಣದುರ್ಗದ ಒಂದು ಬೀದಿಯ ಮಟ್ಟಿಗೆ, ನನ್ನ ಹೆಸರೇ ಗ್ಯಾಸ್. ಪೂರ್ತಿ ಕರೆಯುವುದಾದರೆ ಗ್ಯಾಸ್ ರತ್ನಮ್ಮ.

ಹೆತ್ತವರು ಇಟ್ಟ ಹೆಸರು ನಾಗರತ್ನ. ನಾವು ಆಂಧ್ರದ ಗಡಿಯ ಹಿಂದೂಪುರದವರು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ನಡುಮನೆಯಲ್ಲೇ ಮಗ್ಗ, ಅದರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ. ನಾಲ್ಕು ಮಕ್ಕಳಲ್ಲಿ ನಾನು ಮೂರನೆಯವಳು. ನನಗೆ ಮೂರು ವರ್ಷವಾದಾಗ ತಮ್ಮ ಹುಟ್ಟಿದ. ಅಮ್ಮನ ಬಾಣಂತನಕ್ಕೆ ಕಲ್ಯಾಣದುರ್ಗದಿಂದ ಅವಳ ಅಕ್ಕ ಚೌಡಮ್ಮ ಬಂದರು. ನನಗೆ ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ. ವಾಪಸು ಹೋಗುವಾಗ, ‘ಇವಳನ್ನ ಒಂದ್ ತಿಂಗ್ಳು ಇಟ್ಕಂಡು ಕಳಿಸ್ತೀನಿ ಕಣಮ್ಮ, ನಿಂಗೂ ಸುಧಾರಿಸ್ಕಂಡಂಗಾಯ್ತದೆ’ ಎಂದು ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಬಸ್ಸು ಹತ್ತಿದರು. ಆ ಒಂದು ತಿಂಗಳು ಏಳು ವರ್ಷ ನಡೆಯಿತು. ಅಮ್ಮ ಕೇಳಿದಾಗಲೆಲ್ಲ ದೊಡ್ಡಮ್ಮ ‘ಮುಂದಿನ್ ಹುಣ್ಣಿಮೆ ಆಗ್ಲಿ’ ಎನ್ನುತ್ತಿದ್ದರಂತೆ. ಹುಣ್ಣಿಮೆಗಳಿಗೇನು, ಬರುತ್ತಲೇ ಇರುತ್ತವೆ.

ದೊಡ್ಡಪ್ಪ ಸೈಕಲ್ಲಿನ ಮೇಲೆ ಸೀರೆಗಂಟು ಕಟ್ಟಿಕೊಂಡು ಕುಂದುರ್ಪಿ ಕಡೆಯ ಹಳ್ಳಿಗಳಿಗೆ ಮಾರಲು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ಆಫೀಸಿಗೆ ಹೋಗುವ ನಾಲ್ಕು ಜನಕ್ಕೆ ಅಡಿಗೆ ಮಾಡಿ ಕ್ಯಾರಿಯರ್ ಕಳಿಸಿ ಬದುಕಿದವರು. ಎಲ್ಲ ಅಡಿಗೆಯೂ ಹೊಟ್ಟಿನ ಒಲೆಯ ಮೇಲೆ. ಕಡ್ಲೆಕಾಯಿ ಬೆಳೆಯುವ ಸೀಮೆಯಲ್ಲಿ ಕಡ್ಲೆಕಾಯಿ ಹೊಟ್ಟಿಗೆ ಬರವಿಲ್ಲ. ಆ ಒಲೆ ನೋಡದವರಿಗೆ ಹೇಳುತ್ತೇನೆ: ಒಂದು ತಗಡಿನ ಡಬ್ಬ. ನಡುವೆ ಒಂದು ಬಾಟ್ಲಿ ನಿಲ್ಲಿಸಿ ಸುತ್ತಲೂ ಹೊಟ್ಟು ಸುರಿದು ಗಟ್ಟಿಯಾಗಿ ಅದುಮಬೇಕು. ಆಮೇಲೆ ಬಾಟ್ಲಿಯನ್ನು ಮೆಲ್ಲಗೆ ಮೇಲೆಳೆದರೆ ಹೊಗೆಗೂ ಬೆಂಕಿಗೂ ದಾರಿಯಾದ ಹಾಗೆ. ಬಾಟ್ಲಿ ಹಿಡಿದುಕೊಳ್ಳುವ ಕೆಲಸ ನನ್ನದು. ಹಿಡಿದದ್ದು ಸ್ವಲ್ಪ ವಾಲಿದರೂ ಅನ್ನ ಅರ್ಧ ಬೆಂದಾಗ ಒಳಗೆ ಹೊಟ್ಟು ಕುಸಿದು ಮನೆ ತುಂಬ ಹೊಗೆ. ‘ನೆಟ್ಗೆ ಇಡ್ಕಳೆ, ಎತ್ಲಾಗೋ ನೋಡ್ತೀಯ’ ಎಂದು ದೊಡ್ಡಮ್ಮ ಬಯ್ಯುತ್ತಿದ್ದರು. ನಾನು ಎತ್ತಲೋ ನೋಡುತ್ತಿದ್ದೆ, ನಿಜ. ಮುಂದೆ ಅದೇ ನನ್ನ ಉದ್ಯೋಗವೂ ಆಯಿತು. ದೊಡ್ಡಮ್ಮನ ಕಣ್ಣು ಯಾವಾಗಲೂ ಕೆಂಪು. ಹೊಸಬರು ನೋಡಿದರೆ ‘ಯಾಕಮ್ಮ, ಅಳ್ತಿದ್ರಾ?’ ಎನ್ನಬೇಕು. ಸಂಜೆಯ ಹೊತ್ತಿಗೆ ಕೆಮ್ಮು.

ಹತ್ತನೇ ವರ್ಷಕ್ಕೆ ಅಪ್ಪನೇ ಬಂದು ನನ್ನನ್ನು ಹಿಂದೂಪುರಕ್ಕೆ ಕರೆದುಕೊಂಡು ಹೋದರು. ಮನೆಯ ಮಾತು ಕನ್ನಡ, ಶಾಲೆಯ ಅಕ್ಷರ ತೆಲುಗು. ಕನ್ನಡ ಬರೆಯಲು ನಾನು ಕಲಿತದ್ದು ಬೆಂಗಳೂರಿಗೆ ಬಂದ ಮೇಲೆ, ಸಿಟಿ ಬಸ್ಸಿನ ಬೋರ್ಡುಗಳನ್ನು ಓದಿ. ಈಗಲೂ ಒತ್ತಕ್ಷರ ತಪ್ಪಿದರೆ ದಯವಿಟ್ಟು ಬಸ್ಸಿನವರನ್ನು ಬಯ್ಯಿರಿ.

ಬೆಂಗಳೂರಿಗೆ ಬಂದದ್ದು ಸಂಶೋಧನೆಗೆ. ಎಂ.ಎಸ್ಸಿ. ಮುಗಿಸಿ ಒಂದು ಸಂಸ್ಥೆ ಸೇರಿದೆ. ನನಗೆ ಕೊಟ್ಟ ವಿಷಯ ಗೆಲಾಕ್ಸಿಗಳಲ್ಲಿರುವ ಹೈಡ್ರೋಜನ್ ಅನಿಲ. ನಕ್ಷತ್ರಗಳ ನಡುವೆ ಖಾಲಿ ಎಂದು ನಾವು ಅಂದುಕೊಂಡ ಜಾಗದಲ್ಲಿ ತೆಳ್ಳಗೆ, ತಣ್ಣಗೆ, ಯಾರ ಕಣ್ಣಿಗೂ ಬೀಳದೆ ಈ ಅನಿಲ ಹರಡಿಕೊಂಡಿರುತ್ತದೆ. ಅದು ಒಟ್ಟುಗೂಡಿ ಕುಸಿದರೆ ಹೊಸ ನಕ್ಷತ್ರ. ಅದು ಇರುವ ಗೆಲಾಕ್ಸಿಯಲ್ಲಿ ಮಕ್ಕಳು ಹುಟ್ಟುತ್ತಿರುತ್ತವೆ, ಇಲ್ಲದ ಗೆಲಾಕ್ಸಿ ಕೆಂಪಗೆ ಮುಪ್ಪಾಗಿ ಸುಮ್ಮನೆ ಕೂತಿರುತ್ತದೆ. ಕಣ್ಣಿಗೆ ಕಾಣದ ಇದು ರೇಡಿಯೋ ದೂರದರ್ಶಕಕ್ಕೆ ಮಾತ್ರ ಸಿಗುತ್ತದೆ. ಒಂದು ಪರಮಾಣು ಕೋಟಿ ವರ್ಷಕ್ಕೊಮ್ಮೆ ಒಂದು ಸಣ್ಣ ಅಲೆಯನ್ನು ಬಿಟ್ಟರೆ ಹೆಚ್ಚು. ಆದರೆ ಪರಮಾಣುಗಳು ಎಣಿಕೆಗೆ ಸಿಗದಷ್ಟು ಇರುವುದರಿಂದ ಎಲ್ಲ ಸೇರಿ ಒಂದು ಪಿಸುಮಾತು ನಮ್ಮವರೆಗೆ ಮುಟ್ಟುತ್ತದೆ. ಆ ಅಲೆಯ ಉದ್ದ ಇಪ್ಪತ್ತೊಂದು ಸೆಂಟಿಮೀಟರ್. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಮಗ್ಗದಿಂದ ಕೈ ತೆಗೆದು ಹೆಬ್ಬೆರಳು ಕಿರುಬೆರಳು ಚಾಚಿ ನೋಡಿ, ‘ಅಂಗಾದ್ರೆ ಒಂದ್ ಗೇಣು ಅನ್ನು’ ಎಂದರು. ಹೌದು, ಒಂದು ಗೇಣು. ಅಪ್ಪನಿಗೆ ಅಷ್ಟು ಸಾಕಾಯಿತು, ಮತ್ತೆ ಲಾಳಿ ಓಡಿಸಿದರು.

ದೊಡ್ಡಮ್ಮನಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಅವರಿಗೆ ಓದು ಬರದು. ಪೋಸ್ಟ್‌ಮ್ಯಾನ್ ಕಾಗದ ತಂದರೆ ಜಗುಲಿಯ ಮೇಲೆ ಕೂತು ಅವನೇ ಓದಿ ಹೇಳಬೇಕು. ನಾನು ತೆಲುಗಿನಲ್ಲಿ ಬರೆದೆ: ‘ದೊಡ್ಡಮ್ಮ, ನಾನು ಇಲ್ಲಿ ಗ್ಯಾಸಿನ ಮೇಲೆ ಕೆಲಸ ಮಾಡುತ್ತಿದ್ದೇನೆ.’ ಹೈಡ್ರೋಜನ್ ಎಂದರೆ ಪೋಸ್ಟ್‌ಮ್ಯಾನಿಗೆ ಕಷ್ಟವಾದೀತೆಂದು ಆ ಪದ ಬಿಟ್ಟಿದ್ದೆ. ಯಾರಿಗೆ ಕಷ್ಟವಾಯಿತೆಂದು ಮುಂದೆ ನೋಡುತ್ತೀರಿ. ಅವನು ಕಾಗದ ಮಡಚಿ, ಬೀದಿಗೆಲ್ಲ ಕೇಳುವಂತೆ, ‘ಮೀ ಪಾಪಕು ಗ್ಯಾಸ್‌ಲೋ ಉದ್ಯೋಗಮಂಟಮ್ಮಾ!’ ಎಂದನಂತೆ. ನಿಮ್ಮ ಹುಡುಗಿಗೆ ಗ್ಯಾಸಿನಲ್ಲಿ ನೌಕರಿಯಂತೆ!

ಆ ಕಾಲದಲ್ಲಿ ಗ್ಯಾಸ್ ಕನೆಕ್ಷನ್ ಎಂದರೆ ಏನೆಂದು ಈಗಿನವರಿಗೆ ಗೊತ್ತಿರಲಾರದು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ನಮ್ಮ ಕಡೆ ಸಣ್ಣ ಊರುಗಳಲ್ಲಿ ಹೆಸರು ಬರೆಸುವುದಕ್ಕೂ ಜಾಗ ಇರಲಿಲ್ಲ. ಅಂಥಾ ಗ್ಯಾಸಿನಲ್ಲಿ ಚೌಡಮ್ಮನ ಮಗಳಿಗೆ ನೌಕರಿ!

ನಾನು ದಸರೆಯ ರಜೆಗೆ ಹಿಂದೂಪುರಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ಜಗುಲಿಯ ಮೇಲೆ ಐದು ಜನ ಹೆಂಗಸರು ಕೂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಬಿಳಿ ಹಾಳೆ. ದೊಡ್ಡಮ್ಮ ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

‘ಬಂದ್ಲು ನೋಡ್ರಮ್ಮ ನನ್ ಮಗ್ಳು,’ ಎಂದರು. ‘ಒಬ್ಬೊಬ್ರೇ ಕೊಡಿ. ಅವ್ಳಿಗೆ ಸುಸ್ತಾಗಿರ್ತದೆ.’

ಹಾಳೆಗಳನ್ನು ನೋಡಿದೆ. ಅರ್ಜಿಗಳು. ಹೆಸರು, ಗಂಡನ ಹೆಸರು, ರೇಷನ್ ಕಾರ್ಡಿನ ನಂಬರು, ಕೆಳಗೆ ಸಹಿ, ಸಹಿ ಬರದವರದು ಹೆಬ್ಬೆಟ್ಟು. ‘ಗೌರವನೀಯುಲೈನ ಗ್ಯಾಸ್ ಆಫೀಸರ್ ಗಾರಿಕಿ’, ಮಾನ್ಯ ಗ್ಯಾಸ್ ಆಫೀಸರರಿಗೆ, ಎಂದು ತಲೆಬರಹ. ನಾನು ಆಫೀಸರೂ ಆಗಿದ್ದೆ.

ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲು ಬಾಯಿ ತೆರೆದೆ. ಆಗ ದೊಡ್ಡಮ್ಮನ ಮುಖ ನೋಡಿದೆ. ಮಕ್ಕಳಿಲ್ಲದ ಹೆಂಗಸೆಂದು ನಾಮಕರಣಕ್ಕೆ, ಸೀಮಂತಕ್ಕೆ ಕರೆಯದೆ ಬಿಟ್ಟವರೇ ಇವತ್ತು ಅವರ ಜಗುಲಿಯ ಮೇಲೆ ಸಾಲಾಗಿ ಕೂತಿದ್ದರು. ದೊಡ್ಡಮ್ಮ ಅವರಿಗೆಲ್ಲ ಮಜ್ಜಿಗೆ ಕೊಟ್ಟಿದ್ದರು.

‘ನೋಡ್ತೀನಿ’ ಎಂದೆ. ಐದು ಹಾಳೆಗಳನ್ನೂ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಸುಳ್ಳು ಹೇಳಲು ಒಂದೇ ಪದ ಸಾಕಾಗುತ್ತದೆಂದು ನನಗೆ ಅವತ್ತು ತಿಳಿಯಿತು.

ವಾಪಸು ಬರುವಾಗ ಹಿಂದೂಪುರದಲ್ಲಿ ಒಂದು ಗ್ಯಾಸ್ ಏಜೆನ್ಸಿಗೆ ಹೋದೆ. ಏನಾದರೂ ದಾರಿ ಇದ್ದೀತೆಂಬ ಆಸೆ. ಕೌಂಟರಿನಲ್ಲಿದ್ದವರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ಕಲ್ಯಾಣದುರ್ಗ ತಮ್ಮ ಸರಹದ್ದಿಗೇ ಬರುವುದಿಲ್ಲ ಎಂದರು. ನನ್ನ ಪರಿಸ್ಥಿತಿ ವಿವರಿಸಲು ಹೋಗಿ, ನಾನೂ ಗ್ಯಾಸಿನವಳೇ ಎಂದುಬಿಟ್ಟೆ.

‘ಮೀದಿ ಏ ಗ್ಯಾಸ್ ಮೇಡಂ?’ ಯಾವ ಗ್ಯಾಸು ನಿಮ್ಮದು ಎಂದು ಅವರು ಗೌರವದಿಂದ ಕೇಳಿದರು.

‘ಹೈಡ್ರೋಜನ್.’

ಅವರು ರಿಜಿಸ್ಟರಿನ ಕಡೆ ಒಮ್ಮೆ ನೋಡಿ, ‘ಅದಿ ಮಾ ದಗ್ಗರ ಸ್ಟಾಕ್ ಲೇದು ಮೇಡಂ’ ಎಂದರು. ಅದು ನಮ್ಮ ಹತ್ತಿರ ಸ್ಟಾಕ್ ಇಲ್ಲ.

ಬೆಂಗಳೂರಿಗೆ ಹೋಗಿ ಕೆಲಸದಲ್ಲಿ ಮುಳುಗಿದೆ. ಮುಳುಗುವುದು ಸುಲಭವಿತ್ತು. ವಿದೇಶದ ದೊಡ್ಡ ದೂರದರ್ಶಕ ಹಿಡಿದ ಅಂಕಿಗಳು ಬಳೆಯಂಥ ಟೇಪುಗಳಲ್ಲಿ ಸುತ್ತಿಕೊಂಡು ನಮ್ಮ ಸಂಸ್ಥೆಗೆ ಬರುತ್ತಿದ್ದವು. ಅವನ್ನು ಕಂಪ್ಯೂಟರಿಗೆ ಉಣಿಸಿ, ಗೆರೆಗೆರೆಯಾಗಿ ನಕ್ಷೆ ಬರೆಸಿ, ಯಾವ ಗೆಲಾಕ್ಸಿಯಲ್ಲಿ ಎಷ್ಟು ಅನಿಲ ಉಳಿದಿದೆ ಎಂದು ಅಳೆಯುವುದು ನನ್ನ ಕೆಲಸ. ಕೋಟಿಗಟ್ಟಲೆ ಸೂರ್ಯರ ತೂಕದ ಅನಿಲವನ್ನು ಅಳೆದು ಬರೆಯುತ್ತಿದ್ದೆ. ಅಡಿಗೆಗೆ ಬೇಕಾದ ಒಂದು ಸಿಲಿಂಡರು ಮಾತ್ರ ನನ್ನ ಕೈಗೆಟುಕದ್ದು. ಸಂಕ್ರಾಂತಿಗೆ ಕಲ್ಯಾಣದುರ್ಗಕ್ಕೆ ಹೋಗಲಿಲ್ಲ. ಯುಗಾದಿಗೂ ಹೋಗಲಿಲ್ಲ. ಕೆಲಸ ಜಾಸ್ತಿ ಎಂದು ಬರೆದೆ. ಪೋಸ್ಟ್‌ಮ್ಯಾನಿನ ಕೈಬರಹದಲ್ಲಿ ದೊಡ್ಡಮ್ಮನ ಉತ್ತರ ಬಂತು: ‘ಕೆಲಸ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ಯಾರೂ ಅವಸರ ಮಾಡುತ್ತಿಲ್ಲ.’ ಆ ಕೊನೆಯ ವಾಕ್ಯವನ್ನು ನಾನು ಎಷ್ಟು ಸಲ ಓದಿದೆನೋ.

ಬೇಸಿಗೆಯಲ್ಲಿ ಅಪ್ಪ ಸೀರೆ ಕೊಡಲು ಬೆಂಗಳೂರಿಗೆ ಬಂದವರು ಹಾಸ್ಟೆಲಿಗೂ ಬಂದರು. ಕಾಫಿ ಕುಡಿಯುತ್ತಾ, ‘ನಿಮ್ ದೊಡ್ಡಮ್ಮ ಅಡಿಗೆಮನೇಲಿ ಕಟ್ಟೆ ಕಟ್ಸವ್ಳೆ ಕಣಮ್ಮ’ ಎಂದರು.

‘ಏನ್ ಕಟ್ಟೆ?’

‘ಗ್ಯಾಸ್ ಒಲೆ ಇಡೋಕೆ. ನಿಂತ್ಕಂಡು ಅಡಿಗೆ ಮಾಡೋ ಎತ್ತರಕ್ಕೆ. ಮೇಲೆ ಕಡಪಾ ಕಲ್ಲು ಹಾಕ್ಸವ್ಳೆ. ದಿನಾ ಒರೆಸ್ತಾಳೆ.’

ಲೋಟ ಕೆಳಗಿಟ್ಟೆ. ಕಣ್ಣ ಮುಂದೆ ಬಂದದ್ದು ಇಷ್ಟೇ: ನೆಲದ ಮೇಲೆ ಹೊಗೆಯುವ ಹೊಟ್ಟಿನ ಒಲೆ, ಅದರ ಮುಂದೆ ಕೂತು ಕೆಮ್ಮುವ ದೊಡ್ಡಮ್ಮ, ಪಕ್ಕದಲ್ಲಿ ಏನೂ ಇಲ್ಲದೆ ಹೊಳೆಯುವ ಕಟ್ಟೆ. ಮರುದಿನವೇ ಅಪ್ಪನ ಜೊತೆ ಹೊರಟೆ.

ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದರು. ನಾನು ಬ್ಯಾಗು ಕೆಳಗಿಡದೆ ನಿಂತಲ್ಲೇ ಎಲ್ಲ ಹೇಳಿದೆ. ನನ್ನದು ಆ ಗ್ಯಾಸಲ್ಲ, ನಕ್ಷತ್ರದ ನಡುವೆ ಇರುವ ಗ್ಯಾಸು, ಅದನ್ನು ಯಾರೂ ತರಲಾರರು, ಅರ್ಜಿಗಳು ಬ್ಯಾಗಿನಲ್ಲೇ ಇವೆ ಎಂದೆ. ಅವರು ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದರು.

‘ಮೊದ್ಲೇ ಗೊತ್ತಿತ್ತಾ ನಿಂಗೆ?’

‘ಹೂಂ.’

‘ಅವತ್ತು ಅವ್ರು ಕೂತಿದ್ದಾಗ್ಲೂ?’

‘ಹೂಂ ದೊಡ್ಡಮ್ಮ. ನಿಂಗೆ ಬೇಜಾರಾಯ್ತದೆ ಅಂತ...’

‘ನಂಗೆ ಬೇಜಾರಾಯ್ತದೆ ಅಂತ!’ ಎಂದರು. ‘ಗ್ಯಾಸ್ ಇಲ್ದಿದ್ರೆ ಸತ್ತೋಯ್ತೀನೇನೆ? ಇಷ್ಟ್ ವರ್ಷ ಬೇಯಿಸಿಲ್ವಾ ನಾನು? ಅವ್ರು ದಿನಾ ಬಂದು ಕೇಳೋರು. ಇವತ್ತು ಬತ್ತದೆ ನಾಳೆ ಬತ್ತದೆ ಅಂತ ನಾನು ಯೋಳ್ದೆ. ನೀನು ಆಡಿದ ಸುಳ್ಳ ನನ್ ಬಾಯಲ್ಲಿ ಆಡಿಸ್ಬುಟ್ಟೆ.’

ನಾನು ಅತ್ತೆ. ದೊಡ್ಡಮ್ಮ ಸಮಾಧಾನ ಮಾಡಲಿಲ್ಲ. ಅಕ್ಕಿಯನ್ನು ಡಬ್ಬಿಗೆ ಸುರಿದು, ಸೆರಗು ಸರಿ ಮಾಡಿಕೊಂಡು, ‘ನಡಿ’ ಎಂದರು.

‘ಎಲ್ಲಿಗೆ?’

‘ಐದ್ ಮನೆಗೂ. ನಿನ್ ಕೈಯಾರ ವಾಪಸ್ ಕೊಡು. ನೀನು ನಿಜ್ವಾಗ್ಲೂ ಏನ್ ಕೆಲ್ಸ ಮಾಡ್ತೀಯೋ ಅದ್ನೂ ನಿನ್ ಬಾಯಾರ ಯೋಳು. ನಾನು ಜೊತೇಲಿ ಬತ್ತೀನಿ. ಮಾತಾಡಲ್ಲ.’

ಆಮೇಲೆ ನಾನು ಎಷ್ಟೋ ಸಭೆಗಳಲ್ಲಿ ಪ್ರಬಂಧ ಓದಿದ್ದೇನೆ, ದೊಡ್ಡ ದೊಡ್ಡವರ ಮುಂದೆ. ಆ ಮಧ್ಯಾಹ್ನದಷ್ಟು ಕಷ್ಟದ ಸಭಿಕರು ಇನ್ನೆಲ್ಲೂ ಸಿಗಲಿಲ್ಲ. ಮೊದಲನೆಯ ಮನೆಯವರು ಮೇಷ್ಟರ ಹೆಂಡತಿ. ಐದೂ ಅರ್ಜಿ ಬರೆದದ್ದು ಅವರ ಯಜಮಾನರೇ. ಪೂರ್ತಿ ಕೇಳಿಸಿಕೊಂಡು, ‘ಅಂದ್ರೆ ಈಗ ಸಿಲಿಂಡರ್ ಬರಲ್ವಾ?’ ಎಂದರು. ಎರಡನೆಯವರು ನಕ್ಕರು. ನಕ್ಕು ನಕ್ಕು ಗೋಡೆಗೊರಗಿ ಕೂತು, ಒಳಗಿನವರನ್ನೂ ಕರೆದು ನನ್ನಿಂದ ಇನ್ನೊಂದು ಸಲ ಹೇಳಿಸಿ ಮತ್ತೆ ನಕ್ಕರು. ಗ್ಯಾಸ್ ರತ್ನಮ್ಮ ಎಂಬ ಬಿರುದು ಅಲ್ಲೇ ಸಿಕ್ಕಿತು. ಮೂರನೆಯವರು ಹಾಳೆ ತೆಗೆದುಕೊಂಡು ಮಾತಾಡದೆ ಬಾಗಿಲು ಹಾಕಿಕೊಂಡರು. ನಾಲ್ಕನೆಯವರು ಮಾತ್ರ ಅರ್ಜಿ ವಾಪಸು ತೆಗೆದುಕೊಳ್ಳಲು ಒಪ್ಪಲೇ ಇಲ್ಲ. ‘ಉಂಡನೀ ಅಮ್ಮಾ,’ ಇರಲಿ ಬಿಡಮ್ಮ, ಎಂದಾದರೂ ಉಪಯೋಗಕ್ಕೆ ಬಂದೀತು ಎಂದರು. ದೊಡ್ಡಮ್ಮ ನನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ, ಹೇಳಿದ ಹಾಗೆ ತುಟಿ ಬಿಚ್ಚದೆ ನಿಂತಿದ್ದರು.

ಐದನೆಯದು ಈರಮ್ಮಜ್ಜಿಯ ಮನೆ. ಅಜ್ಜಿ ಕುಂದುರ್ಪಿ ಕಡೆಯ ರೈತರ ಮನೆಯವರು, ವಯಸ್ಸಾದ ಮೇಲೆ ಮಗಳ ಮನೆಗೆ ಬಂದು ಇದ್ದವರು. ಕಾಲು ಚಾಚಿ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದರು. ನಾನು ಐದನೇ ಸಲ ಅದೇ ಪಾಠ ಒಪ್ಪಿಸಿದೆ. ಅಜ್ಜಿ ಕೈ ನಿಲ್ಲಿಸದೆ ಕೇಳಿದರು.

‘ಆ ಗ್ಯಾಸಿಂದ್ಲೇ ಚುಕ್ಕಿ ಉಟ್ಟೋದು ಅಂತೀಯ?’

‘ಹೂಂ ಅಜ್ಜಿ.’

‘ಚುಕ್ಕಿ ಉಟ್ಟಿದಂಗೆಲ್ಲ ಗ್ಯಾಸು ಖರ್ಚಾಯ್ತದಾ?’

‘ಆಯ್ತದೆ.’

‘ಈಗ ಇರೋದು ಎಷ್ಟ್ ದಿನಕ್ಕೆ ಬತ್ತದೆ?’

‘ನೂರಿನ್ನೂರು ಕೋಟಿ ವರ್ಷಕ್ಕೆ ಬರ್ಬೋದು.’

ಕೋಟಿ ಎಂದರೆ ಅಜ್ಜಿ ಬೆದರಲಿಲ್ಲ. ‘ಎಷ್ಟ್ ವರ್ಷದಿಂದ ಉಟ್ತಾ ಅವೆ?’

‘ಸಾವಿರ ಕೋಟಿ ವರ್ಷ ಆಗಿರ್ಬೋದು ಅಜ್ಜಿ.’

ಅಜ್ಜಿಯ ಕೈ ನಿಂತಿತು. ‘ಅಲ್ಲ ಕಣಮ್ಮ, ಎಲ್ಡ್ ತಿಂಗ್ಳಿಗಾಗೋ ರಾಗಿ ಮನೇಲಿಟ್ಕಂಡು ವರ್ಷೆಲ್ಲ ಉಣ್ತಾವ್ರೆ ಅಂದ್ರೆ ಏನರ್ಥ? ಯಾರೋ ತಂದು ತುಂಬ್ತಾ ಅವ್ರೆ ಅಂತ. ಯಾರು ತುಂಬ್ತಾರೆ?’

ಈ ಪ್ರಶ್ನೆ ನಾನು ಪುಸ್ತಕದಲ್ಲಿ ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಆದರೆ ಅದು ಒಂದು ಪ್ರಶ್ನೆಯೆಂದು ನನ್ನ ತಲೆಗೆ ಹೊಕ್ಕಿದ್ದು ಅವತ್ತು.

‘ಗೊತ್ತಿಲ್ಲ ಅಜ್ಜಿ. ಯಾರ್ಗೂ ಸರಿಯಾಗಿ ಗೊತ್ತಿಲ್ಲ.’

‘ಏನ್ ಓದ್ತೀರೋ ಏನೋ’ ಎಂದು ಅಜ್ಜಿ ಮತ್ತೊಂದು ಕಡ್ಲೆಕಾಯಿ ಒಡೆದರು.

ಆಗ ಹಿಂದಿನಿಂದ ದೊಡ್ಡಮ್ಮನ ದನಿ ಬಂತು. ‘ಅದ್ನೇ ಓದ್ತಾ ಅವ್ಳೆ ಬುಡಜ್ಜಿ. ಗೊತ್ತಾದ ಮ್ಯಾಗೆ ಬಂದು ಯೋಳ್ತಾಳೆ.’

ಮನೆಗೆ ಬರುವ ದಾರಿಯಲ್ಲಿ ದೊಡ್ಡಮ್ಮ ನನ್ನ ಪಕ್ಕದಲ್ಲೇ ನಡೆದರು. ಒಳಗೆ ಬಂದವರೇ ಅಡಿಗೆಮನೆಯಲ್ಲಿ ನಿಂತು ಕಟ್ಟೆಯನ್ನೂ ಒಲೆಯನ್ನೂ ಒಂದು ಕ್ಷಣ ನೋಡಿದರು. ‘ಆ ಕಡೆ ಇಡ್ಕ’ ಎಂದರು. ಇಬ್ಬರೂ ಸೇರಿ ಹೊಟ್ಟಿನ ಒಲೆಯನ್ನು ಎತ್ತಿ ಕಡಪಾ ಕಲ್ಲಿನ ಮೇಲೆ ಕೂರಿಸಿದೆವು. ಕಟ್ಟೆಯ ಮೇಲೆ ಸಣ್ಣದೊಂದು ಕಿಟಕಿ ಇತ್ತು. ದೊಡ್ಡಮ್ಮ ಒಲೆ ಹಚ್ಚಿದರು. ಹೊಗೆ ಕಿಟಕಿಯಿಂದ ಹೊರಗೆ ಹೋಯಿತು. ಎಲ್ಲ ಅಲ್ಲ, ಅರ್ಧಕ್ಕರ್ಧ. ಅವರು ಸೊಂಟದ ಮೇಲೆ ಕೈಯಿಟ್ಟು, ಮದುವೆಮನೆಯ ಅಡಿಗೆಭಟ್ಟರಂತೆ ನಿಂತುಕೊಂಡು ಒಗ್ಗರಣೆ ಹಾಕಿದರು. ‘ನೋಡು, ಬೆನ್ನು ನೋಯಲ್ಲ’ ಎಂದರು. ‘ಇಷ್ಟ್ ದಿನ ಯಾಕೆ ಒಳೀಲಿಲ್ಲ ನಂಗೆ?’ ಅವತ್ತು ನಾವು ಮೂರೂ ಜನ, ಅಪ್ಪನೂ ಸೇರಿ, ಬಿಸಿ ಮುದ್ದೆ ಕಡ್ಲೆಕಾಯಿ ಚಟ್ನಿ ಉಂಡೆವು. ನನ್ನ ತಟ್ಟೆಗೆ ತುಪ್ಪ ಎರಡು ಸಲ ಬಿತ್ತು.

ದೊಡ್ಡಮ್ಮನಿಗೆ ನಿಜವಾದ ಗ್ಯಾಸು ಬಂದದ್ದು ತೊಂಬತ್ತರ ದಶಕದಲ್ಲಿ, ಅವರದೇ ಹೆಸರಿನಲ್ಲಿ, ನನ್ನ ಯಾವ ಸಹಾಯವೂ ಇಲ್ಲದೆ. ಅಷ್ಟರಲ್ಲಿ ನನ್ನ ಥೀಸಿಸ್ ಮುಗಿದಿತ್ತು. ಅದರ ಕೊನೆಯ ಅಧ್ಯಾಯ ಗೆಲಾಕ್ಸಿಗೆ ಹೊಸ ಅನಿಲ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ. ಹೊರಗಿನಿಂದ ಸಣ್ಣ ಸಣ್ಣ ಮೋಡಗಳು ಬಂದು ಬೀಳುತ್ತವೆ, ಬಡ ನೆರೆಯ ಗೆಲಾಕ್ಸಿಗಳು ತಮ್ಮದನ್ನು ಕಳೆದುಕೊಳ್ಳುತ್ತವೆ ಎಂದೆಲ್ಲ ಬರೆದೆ. ಮೌಖಿಕ ಪರೀಕ್ಷೆಗೆ ಬಂದಿದ್ದ ಹೊರಗಿನ ಪ್ರೊಫೆಸರು, ಇಷ್ಟು ಬಂದು ಬಿದ್ದರೆ ಸಾಕಾಗುತ್ತದೆಯೇ ಎಂದು ಕೇಳಿದರು. ಇಲ್ಲ, ಲೆಕ್ಕ ಇನ್ನೂ ಕೂಡುವುದಿಲ್ಲ ಎಂದೆ. ಅವರು ತಲೆದೂಗಿ ಡಿಗ್ರಿ ಕೊಟ್ಟರು. ಈರಮ್ಮಜ್ಜಿ ಆಗಿದ್ದರೆ ಕೊಡುತ್ತಿದ್ದರೋ ಇಲ್ಲವೋ.

ಇದೆಲ್ಲ ಆಮೇಲಿನ ಮಾತು. ನಾನು ಹೇಳಬೇಕೆಂದದ್ದು ಆ ಐದು ಮನೆ ಸುತ್ತಿದ ಮರುದಿನ ಬೆಳಿಗ್ಗೆಯದು. ಅಪ್ಪ ಒಂದು ದಿನ ಉಳಿಯುತ್ತೇನೆಂದರು, ನಾನೊಬ್ಬಳೇ ಹೊರಟೆ. ದೊಡ್ಡಮ್ಮ ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸು ತುಂಬಿತ್ತು. ನಾನು ಹೇಗೋ ಒಳಗೆ ತೂರಿ ನಿಂತೆ. ಬಾಗಿಲಲ್ಲಿ ಕಂಡಕ್ಟರ್ ಮೂಟೆಗಳನ್ನು ಸರಿಸುತ್ತಿದ್ದ. ದೊಡ್ಡಮ್ಮ ಅವನ ತೋಳು ಹಿಡಿದು ನಿಲ್ಲಿಸಿ ತೆಲುಗಿನಲ್ಲಿ ಶುರು ಮಾಡಿದರು. ಇವಳು ನನ್ನ ಮಗಳು, ಚುಕ್ಕಿಗಳ ಮಧ್ಯೆ ಗ್ಯಾಸು ಹುಡುಕುವ ಕೆಲಸ ಮಾಡುತ್ತಾಳೆ ಎಂದರು. ನನಗೆ ಬಸ್ಸಿನ ನೆಲದೊಳಗೆ ಇಳಿದುಹೋಗಬೇಕೆನ್ನಿಸಿತು.

ಕಂಡಕ್ಟರಿಗೆ ನಗು. ‘ದೊರಿಕಿಂದಾಮ್ಮಾ?’ ಸಿಕ್ಕಿತಾ ಎಂದು ಕೇಳಿದ.

‘ಗ್ಯಾಸು ದೊರಿಕಿಂದಿ,’ ಎಂದರು ದೊಡ್ಡಮ್ಮ, ಸ್ವಲ್ಪವೂ ನಗದೆ. ಗ್ಯಾಸು ಸಿಕ್ಕಿದೆಯಪ್ಪ. ಅದನ್ನು ತಂದು ತುಂಬುತ್ತಿರುವವರೇ ಇನ್ನೂ ಸಿಕ್ಕಿಲ್ಲ. ಆಮೇಲೆ ನನಗೆ ಕೇಳಲೆಂದೋ ಏನೋ, ಕನ್ನಡಕ್ಕೆ ತಿರುಗಿದರು. ‘ನನ್ ಮಗ್ಳನ್ನ ಕೂರ್ಸಿ ಕರ್ಕಂಡೋಗಪ್ಪ. ಅವ್ಳಿಗೆ ಬೇಜಾನ್ ಕೆಲ್ಸ ಐತೆ.’